ಬಯಾಪ್ಸಿ ಸೇವೆಯ ವಿಮರ್ಶೆ: ಡಬ್ಬಿಯಿಂದ ರಿಪೋರ್ಟ್‌ವರೆಗೆ ಏನು ಸಿಗಬೇಕು, ಎಲ್ಲಿ ಕೆಡುತ್ತದೆ

ಗಡ್ಡೆ ಕಂಡೊಡನೆ ಮನೆಯವರು ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ತೆಗೆದ ತುಣುಕು ಯಾವ ಲ್ಯಾಬ್‌ಗೆ ಹೋಗುತ್ತದೆ, ಅದನ್ನು ನೋಡಿ ಸಹಿ ಹಾಕುವವರು ಯಾರು ಎಂದು ಕೇಳುವವರು ತೀರಾ ಕಡಿಮೆ. ಆಪರೇಷನ್ ಮೊದಲೋ ಕೀಮೋ ಮೊದಲೋ, ರೇಡಿಯೇಷನ್ ಬೇಕೋ ಬೇಡವೋ, ವರ್ಷಗಟ್ಟಲೆ ಮಾತ್ರೆ ನುಂಗಬೇಕೋ ಎಂಬುದೆಲ್ಲ ತೀರ್ಮಾನವಾಗುವುದು ಆ ಲ್ಯಾಬ್ ಕೊಡುವ ಒಂದೆರಡು ಪುಟದ ಮೇಲೆ. ಚಿಕಿತ್ಸೆಯ ಒಟ್ಟು ಖರ್ಚಿನಲ್ಲಿ ಬಯಾಪ್ಸಿಗೆ, ಅಂದರೆ ಈ ತುಣುಕಿನ ಪರೀಕ್ಷೆಗೆ, ಹೋಗುವುದು ಚಿಕ್ಕ ಪಾಲು. ಉಳಿದ ದುಡ್ಡೆಲ್ಲ ಸರಿಯಾದ ದಾರಿಯಲ್ಲಿ ಖರ್ಚಾಗುತ್ತದೋ ಇಲ್ಲವೋ ಎಂಬುದು ಆ ಚಿಕ್ಕ ಪಾಲಿನ ಮೇಲೆ ನಿಂತಿದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಕರ್ನಾಟಕದಲ್ಲಿ ರೋಗಿಗೆ ಸಿಗುವ ಗಡ್ಡೆ ಪರೀಕ್ಷೆಯ ಸೇವೆಯನ್ನು. ಊರಿನ ಲ್ಯಾಬ್‌ನ ಸೂಜಿ ಪರೀಕ್ಷೆ, ಕಲೆಕ್ಷನ್ ಸೆಂಟರ್ ಮೂಲಕ ದೊಡ್ಡ ಊರಿಗೆ ಹೋಗುವ ಬಯಾಪ್ಸಿ, ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿ ವಿಭಾಗ, ಸ್ಲೈಡ್ ರಿವ್ಯೂ, ಜೊತೆಗೆ ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಸೇರಿಸಿ ಮಾರುವ ಕ್ಯಾನ್ಸರ್ ರಕ್ತಪರೀಕ್ಷೆ. ಯಾವ ಲ್ಯಾಬ್‌ನ ಹೆಸರನ್ನೂ ಹೇಳುವುದಿಲ್ಲ. ಅಳೆಯುವ ಅಳತೆಗೋಲು ಕೊಡುತ್ತೇವೆ, ನಿಮ್ಮ ಕೈಯಲ್ಲಿರುವ ರಿಪೋರ್ಟನ್ನು ಅದರಲ್ಲಿ ಅಳೆದು ನೋಡಿಕೊಳ್ಳಬಹುದು.

ರಿಪೋರ್ಟ್ ಉತ್ತರಿಸಬೇಕಾದ ನಾಲ್ಕು ಪ್ರಶ್ನೆ

ಒಳ್ಳೆಯ ಬಯಾಪ್ಸಿ ರಿಪೋರ್ಟ್ ನಾಲ್ಕು ವಿಷಯ ಹೇಳಬೇಕು: ಇದು ಕ್ಯಾನ್ಸರೇ ಅಲ್ಲವೇ, ಯಾವ ಬಗೆಯ ಜೀವಕೋಶದಿಂದ ಹುಟ್ಟಿದ್ದು, ಎಷ್ಟು ಉಗ್ರ, ಎಷ್ಟು ದೂರ ಹರಡಿದೆ. ಕೊನೆಯದ್ದಕ್ಕೆ ಪೂರ್ತಿ ಉತ್ತರ ಬರಬೇಕಾದರೆ ಸ್ಕ್ಯಾನ್ ಸಹ ಬೇಕು. ಉಳಿದ ಮೂರು ಪೆಥಾಲಜಿಸ್ಟ್‌ರ, ಅಂದರೆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯರ, ಜವಾಬ್ದಾರಿ.

ಮೊದಲನೆಯ ಪ್ರಶ್ನೆಗೆ 'ಹೌದು' ಅಥವಾ 'ಅಲ್ಲ' ಎಂದರೆ ಸಾಲದು. ಸಾದಾ ಗಡ್ಡೆ ಇದ್ದಲ್ಲೇ ಬೆಳೆಯುತ್ತದೆ, ಪಕ್ಕದ ಅಂಗಾಂಶವನ್ನು ಒತ್ತುತ್ತದೆ, ಒಳಗೆ ನುಗ್ಗುವುದಿಲ್ಲ. ಕೊಬ್ಬಿನ ಗಂಟು, ಗರ್ಭಕೋಶದ ಫೈಬ್ರಾಯ್ಡ್ ಈ ಗುಂಪಿನವು. ಕ್ಯಾನ್ಸರ್ ಗಡ್ಡೆ ಪಕ್ಕದ ಪದರಗಳನ್ನು ಸೀಳಿಕೊಂಡು ನುಗ್ಗುತ್ತದೆ, ರಕ್ತನಾಳ ಮತ್ತು ದುಗ್ಧನಾಳ (ಲಿಂಫ್ ನಾಳ) ಹಿಡಿದು ದೂರದ ಅಂಗಕ್ಕೆ ಹೋಗಿ ಅಲ್ಲಿ ಬೇರು ಬಿಡುತ್ತದೆ. ಇವೆರಡರ ನಡುವೆ ಇನ್ನೊಂದು ಹಂತವಿದೆ. ಜೀವಕೋಶಗಳು ಕ್ಯಾನ್ಸರ್ ರೂಪ ತಾಳಿವೆ, ಆದರೆ ತಾವು ನಿಂತ ತೆಳು ಪೊರೆಯನ್ನು ಇನ್ನೂ ದಾಟಿಲ್ಲ. ಇದನ್ನು ರಿಪೋರ್ಟಿನಲ್ಲಿ 'ಇನ್ ಸೈಟು' ಎಂದು ಬರೆಯುತ್ತಾರೆ. ಇಷ್ಟರಲ್ಲೇ ಸಿಕ್ಕರೆ ಸಾಮಾನ್ಯವಾಗಿ ಕೀಮೋ ಬೇಕಾಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ಚಿಕ್ಕ ಜಾಗದಲ್ಲಿ ಕೂತಿದೆ ಎಂದು ನೋಡಬೇಕಾದರೆ ಐಸಿಡಿ-ಓ ಕೋಡ್ ನೋಡಿ. ಗಡ್ಡೆಗಳನ್ನು ಗುರುತಿಸಲು ಜಗತ್ತಿನ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಬಳಸುವ ಕೋಡ್ ಅದು. ನಾಲ್ಕು ಅಂಕಿ, ಒಂದು ಓರೆಗೆರೆ, ಆಮೇಲೆ ಒಂದು ಅಂಕಿ. ಸ್ತನದ ಹಾಲಿನ ನಾಳದ ಕ್ಯಾನ್ಸರ್ 8500/3. ಅದೇ ಕ್ಯಾನ್ಸರ್ ನಾಳದೊಳಗೇ ಇದ್ದು ಪೊರೆ ದಾಟದಿದ್ದರೆ 8500/2. ಗೆರೆಯ ಬಲಗಡೆ 0 ಇದ್ದರೆ ಸಾದಾ ಗಡ್ಡೆ, 1 ಇದ್ದರೆ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ಖಚಿತವಿಲ್ಲದ್ದು, 2 ಇದ್ದರೆ ಇನ್ನೂ ಪೊರೆಯೊಳಗೇ ಇರುವುದು, 3 ಇದ್ದರೆ ನುಗ್ಗಿದ ಕ್ಯಾನ್ಸರ್, 6 ಇದ್ದರೆ ಬೇರೆಡೆಯಿಂದ ಬಂದದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆಯುತ್ತಿರುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಯಂಥ ಕೆಲಸಕ್ಕೆ ಈ ಕೋಡೇ ಆಧಾರ. ರಿಪೋರ್ಟಿನಲ್ಲಿ ಈ ಕೋಡ್ ಬರೆಯುವ ಲ್ಯಾಬ್‌ಗೆ ನಾವು ಒಂದು ಅಂಕ ಹೆಚ್ಚು ಕೊಡುತ್ತೇವೆ. ಕೋಡ್ ಬರೆಯಬೇಕಾದರೆ ಪೆಥಾಲಜಿಸ್ಟ್ ಒಂದು ನಿರ್ಧಾರಕ್ಕೆ ಬರಲೇಬೇಕು.

ಎರಡನೆಯದು ಮೂಲ. ಚರ್ಮ, ಬಾಯಿ, ಕರುಳು, ಶ್ವಾಸಕೋಶ, ಗ್ರಂಥಿಗಳ ಹೊದಿಕೆ ಪದರದಿಂದ ಹುಟ್ಟಿದ್ದು ಕಾರ್ಸಿನೋಮ. ದೊಡ್ಡವರಲ್ಲಿ ಬರುವ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದೇ. ಅದರಲ್ಲೂ ಬಾಯಿ, ಗಂಟಲು, ಗರ್ಭಕಂಠದಲ್ಲಿ ಹೆಚ್ಚಾಗಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಹೊಟ್ಟೆ, ದೊಡ್ಡ ಕರುಳು, ಪ್ರಾಸ್ಟೇಟ್‌ನಲ್ಲಿ ಅಡಿನೋಕಾರ್ಸಿನೋಮ. ಮೂಳೆ, ಸ್ನಾಯು, ಕೊಬ್ಬಿನಿಂದ ಬಂದದ್ದು ಸಾರ್ಕೋಮ. ದುಗ್ಧಗ್ರಂಥಿಯದ್ದು ಲಿಂಫೋಮ, ರಕ್ತದ್ದು ಲ್ಯುಕೇಮಿಯ. ಮಕ್ಕಳಲ್ಲಿ ಬರುವ ರೆಟಿನೋಬ್ಲಾಸ್ಟೋಮ, ನ್ಯೂರೋಬ್ಲಾಸ್ಟೋಮಗಳದ್ದೇ ಬೇರೆ ಗುಂಪು. ಹೆಸರಿನ ಕೊನೆ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು. ಲೈಪೋಮ, ಅಡಿನೋಮ ಸಾದಾ ಗಡ್ಡೆಗಳು, ಆದರೆ ಮೆಲನೋಮ, ಲಿಂಫೋಮ, ಸೆಮಿನೋಮ ಮೂರೂ ಕ್ಯಾನ್ಸರ್.

ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹೋದರೆ ಅದು ಮೂಳೆ ಕ್ಯಾನ್ಸರ್ ಆಗುವುದಿಲ್ಲ. ಮೂಳೆಯಲ್ಲಿರುವ ಸ್ತನದ ಕ್ಯಾನ್ಸರ್ ಅದು, ಔಷಧಿಯೂ ಸ್ತನದ್ದೇ. ಆದ್ದರಿಂದ ಯಕೃತ್ತಿನಿಂದಲೋ ಮೂಳೆಯಿಂದಲೋ ತೆಗೆದ ತುಣುಕಿನ ರಿಪೋರ್ಟ್ 'ಮೆಟಾಸ್ಟಾಟಿಕ್ (ಬೇರೆಡೆಯಿಂದ ಹರಡಿ ಬಂದ) ಅಡಿನೋಕಾರ್ಸಿನೋಮ' ಎಂದಷ್ಟೇ ಹೇಳಿ ನಿಂತರೆ ಅದು ಅರ್ಧ ರಿಪೋರ್ಟ್. ಮೂಲ ಹುಡುಕಲು ಸಿಕೆ7, ಸಿಕೆ20, ಟಿಟಿಎಫ್-1, ಸಿಡಿಎಕ್ಸ್2 ಮುಂತಾದ ಐಎಚ್‌ಸಿ ಬಣ್ಣಗಳನ್ನು (ಜೀವಕೋಶದ ನಿರ್ದಿಷ್ಟ ಪ್ರೋಟೀನ್ ತೋರಿಸುವ ಬಣ್ಣ) ಹಾಕಬೇಕು, ಅಥವಾ ಹಾಕಬೇಕೆಂದು ಸೂಚಿಸಬೇಕು.

ಯಾವ ಗಡ್ಡೆಗೆ ಯಾವ ಹೆಸರು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ನಿರ್ಧರಿಸುತ್ತದೆ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2019ರಿಂದ ಐದನೇ ಆವೃತ್ತಿಯ ಸಂಪುಟಗಳನ್ನು ಒಂದೊಂದಾಗಿ ತರುತ್ತಿದೆ. ಆವೃತ್ತಿ ಬದಲಾದಾಗ ಹೆಸರಷ್ಟೇ ಬದಲಾಗಿ ಸುಮ್ಮನಾಗುವುದಿಲ್ಲ, ಚಿಕಿತ್ಸೆಯೂ ಬದಲಾಗುತ್ತದೆ. ಥೈರಾಯ್ಡ್‌ನಲ್ಲಿ ಪೂರ್ತಿ ಕವಚದೊಳಗೇ ಇದ್ದು ಎಲ್ಲೂ ನುಗ್ಗದ ಒಂದು ಬಗೆಯ ಗಡ್ಡೆಗೆ ಹಿಂದೆ ಪ್ಯಾಪಿಲರಿ ಕಾರ್ಸಿನೋಮ ಎಂದೇ ಹೆಸರಿತ್ತು. 2016ರಲ್ಲಿ ತಜ್ಞರು ಅದರ ಹೆಸರಿನಿಂದ ಕಾರ್ಸಿನೋಮ ತೆಗೆದು 'ನಿಫ್ಟಿಪಿ' ಎಂದರು. ಈಗಲೂ ಯಾರಾದರೂ ಹಳೆಯ ಹೆಸರನ್ನೇ ಬರೆದರೆ ರೋಗಿಗೆ ಬೇಡದ ಎರಡನೇ ಆಪರೇಷನ್, ಬೇಡದ ರೇಡಿಯೋ ಅಯೋಡಿನ್, ಜೀವಮಾನದ ಆತಂಕ. ಮೆದುಳಿನ ಗಡ್ಡೆಯಲ್ಲೂ ಹಾಗೇ. 2021ರ ವರ್ಗೀಕರಣದ ಪ್ರಕಾರ ದೊಡ್ಡವರಲ್ಲಿ ಗ್ಲಿಯೋಬ್ಲಾಸ್ಟೋಮ ಎನ್ನಬೇಕಾದರೆ ಐಡಿಎಚ್ ಜೀನ್‌ನಲ್ಲಿ ಬದಲಾವಣೆ ಇರಬಾರದು. ಐಡಿಎಚ್ ಪರೀಕ್ಷೆ ಮಾಡದೆ ಬರೀ ಸೂಕ್ಷ್ಮದರ್ಶಕ ನೋಡಿ 'ಗ್ಲಿಯೋಬ್ಲಾಸ್ಟೋಮ' ಎಂದು ಮುಗಿಸಿದ ರಿಪೋರ್ಟ್ ಇಂದಿನ ಲೆಕ್ಕಕ್ಕೆ ಅಪೂರ್ಣ. ಯಾವ ಆವೃತ್ತಿ ಬಳಸಿದ್ದೇವೆ ಎಂದು ಕೆಳಗೆ ಒಂದು ಸಾಲು ಬರೆಯುವ ಲ್ಯಾಬ್ ನಂಬಿಕೆಗೆ ಅರ್ಹ.

ಗ್ರೇಡ್ ಬೇರೆ, ಸ್ಟೇಜ್ ಬೇರೆ

'ಗ್ರೇಡ್ 3' ಎಂದು ಓದಿ 'ಮೂರನೇ ಸ್ಟೇಜಂತೆ' ಎಂದು ಮನೆಮಂದಿಯೆಲ್ಲ ಅಳುವುದು ತೀರಾ ಸಾಮಾನ್ಯ. ಗ್ರೇಡ್ ಎಂದರೆ ಜೀವಕೋಶ ತನ್ನ ಮೂಲ ರೂಪದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ, ಅದು ಕಾಣುವುದು ಸೂಕ್ಷ್ಮದರ್ಶಕದಲ್ಲಿ. ಸ್ಟೇಜ್ ಎಂದರೆ ಗಡ್ಡೆಯ ಗಾತ್ರ, ದುಗ್ಧಗ್ರಂಥಿ, ದೂರದ ಅಂಗ, ಈ ಮೂರರ ಲೆಕ್ಕ. ಇದಕ್ಕೇ ಟಿ, ಎನ್, ಎಂ ಎಂಬ ಮೂರು ಅಕ್ಷರ. ಗ್ರೇಡ್ 3 ಇದ್ದೂ ಮೊದಲನೇ ಸ್ಟೇಜ್ ಇರಬಹುದು.

ಸ್ತನದ ರಿಪೋರ್ಟಿನ ಒಂದು ಮಾದರಿ ಸಾಲು ತೆಗೆದುಕೊಳ್ಳೋಣ: 'ಇನ್ವೇಸಿವ್ ಕಾರ್ಸಿನೋಮ, ನೋ ಸ್ಪೆಷಲ್ ಟೈಪ್, ನಾಟಿಂಗ್‌ಹ್ಯಾಮ್ ಗ್ರೇಡ್ 2, ಸ್ಕೋರ್ 3+2+1=6, ಪಿಟಿ2 ಪಿಎನ್1ಎ.' ಸ್ಕೋರಿನ ಮೂರು ಅಂಕಿಗಳು ಮೂರು ವಿಷಯಕ್ಕೆ. ಕ್ಯಾನ್ಸರ್ ಇನ್ನೂ ಎಷ್ಟರ ಮಟ್ಟಿಗೆ ನಾಳದ ಆಕಾರ ಕಟ್ಟುತ್ತಿದೆ, ಜೀವಕೋಶದ ನ್ಯೂಕ್ಲಿಯಸ್ ಎಷ್ಟು ಕೆಟ್ಟಿದೆ, ಒಡೆದು ಎರಡಾಗುತ್ತಿರುವ ಕೋಶಗಳು ಎಷ್ಟಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 3ರಿಂದ 5 ಆದರೆ ಗ್ರೇಡ್ 1, 6 ಅಥವಾ 7 ಆದರೆ ಗ್ರೇಡ್ 2, 8 ಅಥವಾ 9 ಆದರೆ ಗ್ರೇಡ್ 3. ಬರೀ 'ಗ್ರೇಡ್ 2' ಎಂದು ಬರೆದು ಒಡೆದ ಅಂಕ ಕೊಡದಿದ್ದರೆ ಕೇಳಿ ಪಡೆಯಿರಿ. 6 ಮತ್ತು 7 ಎರಡೂ ಗ್ರೇಡ್ 2 ಆದರೂ 7 ಮುಂದಿನ ಗ್ರೇಡಿನ ಗಡಿಯಲ್ಲಿದೆ, ಅದು ವೈದ್ಯರಿಗೆ ಗೊತ್ತಿರಬೇಕು. ಪಿಟಿ2 ಎಂದರೆ ಗಡ್ಡೆ 2 ಸೆಂಟಿಮೀಟರ್‌ಗಿಂತ ದೊಡ್ಡದು, 5 ದಾಟಿಲ್ಲ. ಪಿಎನ್1ಎ ಎಂದರೆ ಕಂಕುಳಿನ ಒಂದರಿಂದ ಮೂರು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆ. ಮೊದಲಿಗೆ ಬರುವ 'ಪಿ' ಅಕ್ಷರ ಆಪರೇಷನ್ ಆದ ಮೇಲೆ ಕಣ್ಣಾರೆ ನೋಡಿ ಅಳೆದದ್ದು ಎಂದು ಹೇಳುತ್ತದೆ. 'ಸಿ' ಇದ್ದರೆ ಕೈಯಿಂದ ಪರೀಕ್ಷಿಸಿ, ಸ್ಕ್ಯಾನ್ ನೋಡಿ ಅಂದಾಜಿಸಿದ್ದು. 'ವೈಪಿ' ಇದ್ದರೆ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಿದ್ದು. ಈ ಕೊನೆಯದನ್ನು ಬಿಟ್ಟರೆ ದೊಡ್ಡ ಗೊಂದಲ. ಕೀಮೋದಿಂದ ಕರಗಿ ಚಿಕ್ಕದಾದ ಗಡ್ಡೆಯನ್ನು ಮೊದಲಿನಿಂದಲೂ ಚಿಕ್ಕದಾಗಿತ್ತು ಎಂದು ಓದಿಕೊಂಡು ಮುಂದಿನ ಚಿಕಿತ್ಸೆ ಕಡಿಮೆಯಾಗಿಬಿಡಬಹುದು.

ಪ್ರಾಸ್ಟೇಟ್‌ನಲ್ಲಿ ಗ್ಲೀಸನ್ ಸ್ಕೋರ್. 3+4 ಮತ್ತು 4+3 ಎರಡೂ ಕೂಡಿದರೆ 7. ಆದರೂ ಮೊದಲನೆಯದು ಗ್ರೇಡ್ ಗ್ರೂಪ್ 2, ಎರಡನೆಯದು 3. ಹೆಚ್ಚು ಜಾಗ ಹಿಡಿದ ಮಾದರಿ ಮೊದಲು ಬರುತ್ತದೆ, ಆದ್ದರಿಂದ 4 ಮೊದಲು ಬಂದರೆ ರೋಗ ಹೆಚ್ಚು ಉಗ್ರ. ಬರೀ 'ಗ್ಲೀಸನ್ 7' ಎಂದು ಬರೆದ ರಿಪೋರ್ಟನ್ನು ವಾಪಸ್ ಕೊಟ್ಟು ಬಿಡಿಸಿ ಬರೆಸಿಕೊಳ್ಳಿ.

ಬಾಯಿ ಕ್ಯಾನ್ಸರ್ ನಮ್ಮ ನಾಡಿಗೆ ತೀರಾ ಹತ್ತಿರದ ವಿಷಯ. ಎಲೆ ಅಡಿಕೆ, ಗುಟ್ಕಾ, ಕಡ್ಡಿಪುಡಿ ಎಲ್ಲ ಊರಿನಲ್ಲೂ ಇವೆ. ತಂಬಾಕು ಸೇರಿದ್ದು ಮಾತ್ರವಲ್ಲ, ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿಗೆ ಸೇರಿಸಿದೆ. ಆಪರೇಷನ್ ಆದ ಮೇಲಿನ ಬಾಯಿ ಕ್ಯಾನ್ಸರ್ ರಿಪೋರ್ಟಿನಲ್ಲಿ ಒಂದು ಅಳತೆ ಇರಲೇಬೇಕು: ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು, ಮಿಲಿಮೀಟರ್ ಲೆಕ್ಕದಲ್ಲಿ. 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯ ಟಿಎನ್‌ಎಂ ಲೆಕ್ಕದಲ್ಲಿ ಗಡ್ಡೆಯ ಅಗಲದಷ್ಟೇ ಅದರ ಆಳಕ್ಕೂ ಬೆಲೆ. 1.8 ಸೆಂಟಿಮೀಟರ್ ಗಡ್ಡೆ 4 ಮಿಲಿಮೀಟರ್ ಇಳಿದಿದ್ದರೆ ಟಿ1, 7 ಮಿಲಿಮೀಟರ್ ಇಳಿದಿದ್ದರೆ ಟಿ2. 3 ಸೆಂಟಿಮೀಟರ್‌ನದು 8 ಮಿಲಿಮೀಟರ್ ಇಳಿದರೆ ಟಿ2, 12 ಇಳಿದರೆ ಟಿ3. ಅಳೆಯುವ ಕ್ರಮದಲ್ಲೇ ತಪ್ಪಾಗುವುದುಂಟು. ಪಕ್ಕದ ಒಳ್ಳೆಯ ಪದರದ ಪೊರೆಯ ಮಟ್ಟದಿಂದ ಕೆಳಕ್ಕೆ ಅಳೆಯಬೇಕು. ಮೇಲೆ ಹೂಕೋಸಿನಂತೆ ಉಬ್ಬಿದ ಭಾಗವನ್ನೂ ಸೇರಿಸಿ ಅಳೆದರೆ ಅದು ದಪ್ಪವಾಯಿತು, ಆಳವಾಗಲಿಲ್ಲ. ಬಾಯಿ ಕ್ಯಾನ್ಸರ್ ಆಪರೇಷನ್ ಮಾಡುವ ಕೇಂದ್ರದ ಪೆಥಾಲಜಿ ವಿಭಾಗ ಎಷ್ಟು ಜಾಗರೂಕ ಎಂದು ತಿಳಿಯಲು ಈ ಒಂದು ಸಾಲು ಸಾಕು. ಆಳದ ಜೊತೆಗೆ ಕತ್ತರಿಸಿದ ಎಲ್ಲ ಅಂಚುಗಳಿಗೂ ಗಡ್ಡೆಗೂ ಇರುವ ದೂರ, ನರದ ಸುತ್ತ ಹಬ್ಬಿದೆಯೇ, ಕುತ್ತಿಗೆಯ ಗ್ರಂಥಿಗಳಲ್ಲಿ ಎಷ್ಟಕ್ಕೆ ಎಷ್ಟರಲ್ಲಿ ಇದೆ, ಗ್ರಂಥಿಯ ಕವಚ ಒಡೆದಿದೆಯೇ ಎಂಬುದೂ ಬೇಕು. ದೊಡ್ಡ ಕರುಳಿನ ಆಪರೇಷನ್ ಆಗಿದ್ದರೆ ಕನಿಷ್ಠ 12 ಗ್ರಂಥಿಗಳನ್ನು ಹುಡುಕಿ ನೋಡಿರಬೇಕು. '0/5' ಎಂದು ಬರೆದಿದ್ದರೆ ಎಲ್ಲೂ ಇಲ್ಲ ಎಂದು ಸಂತೋಷಪಡುವ ಮೊದಲು, ಡಬ್ಬಿಯಲ್ಲಿ ಉಳಿದಿರುವ ಅಂಗಾಂಶದಲ್ಲಿ ಇನ್ನೊಮ್ಮೆ ಹುಡುಕಲು ಸಾಧ್ಯವೇ ಎಂದು ಕೇಳಬೇಕು. ಆ ಉಳಿಕೆಯನ್ನು ಲ್ಯಾಬ್‌ಗಳು ಹೆಚ್ಚು ದಿನ ಇಡುವುದಿಲ್ಲ.

ಸೂಜಿ ಪರೀಕ್ಷೆ: ಅಗ್ಗ, ಬೇಗ, ಮಿತಿ ಬಹಳ

ಎಫ್‌ಎನ್‌ಎಸಿ ಎಂಬ ಸಣ್ಣ ಸೂಜಿ ಪರೀಕ್ಷೆ ತಾಲೂಕು ಮಟ್ಟದಲ್ಲೂ ಸಿಗುತ್ತದೆ. ರಕ್ತ ತೆಗೆಯುವಂಥದ್ದೇ ಸೂಜಿ, ಅರಿವಳಿಕೆ ಬೇಡ, ಫಲಿತಾಂಶ ಒಂದೆರಡು ದಿನದಲ್ಲಿ. ಥೈರಾಯ್ಡ್ ಗಂಟಿಗೆ, ಕುತ್ತಿಗೆಯ ಗ್ರಂಥಿಗೆ ಕ್ಯಾನ್ಸರ್ ಬಂದಿದೆಯೇ ಎಂದು ನೋಡಲಿಕ್ಕೆ, ಲಾಲಾರಸ ಗ್ರಂಥಿಗೆ ಇದು ಒಳ್ಳೆಯ ಮೊದಲ ಹೆಜ್ಜೆ. ಇಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶ. ಅಂಗಾಂಶದ ರಚನೆ ಬರುವುದಿಲ್ಲ. ಪೊರೆ ದಾಟಿದೆಯೇ ಎಂಬುದು ರಚನೆ ಕಂಡರಷ್ಟೇ ಗೊತ್ತಾಗುವ ವಿಷಯ. ಅದಕ್ಕೇ ಥೈರಾಯ್ಡ್‌ನ ಫಾಲಿಕ್ಯುಲರ್ ಗಡ್ಡೆ ಸಾದಾ ಹೌದೋ ಅಲ್ಲವೋ ಎಂದು ಎಷ್ಟು ಸಲ ಸೂಜಿ ಹಾಕಿದರೂ ಹೇಳಲಾಗದು. ಕವಚ ಪೂರ್ತಿ ನೋಡಬೇಕು, ಅದಕ್ಕೆ ಆ ಭಾಗ ತೆಗೆಯಲೇಬೇಕು. ಥೈರಾಯ್ಡ್ ರಿಪೋರ್ಟ್ ಬೆಥೆಸ್ಡಾ ಪದ್ಧತಿಯಲ್ಲಿ ಒಂದರಿಂದ ಆರರವರೆಗಿನ ವರ್ಗ ಹೇಳಬೇಕು. ವರ್ಗ 1 ಎಂದರೆ ಮಾದರಿ ಸಾಲದು, ಮತ್ತೆ ತೆಗೆಯಬೇಕು. ಅದನ್ನು 'ಏನೂ ಇಲ್ಲವಂತೆ' ಎಂದು ತಿಳಿದು ಮನೆಗೆ ಹೋಗಬಾರದು.

ಮೂರು ಕಡೆ ಈ ಸೇವೆಯನ್ನು ಊರಿನ ಲ್ಯಾಬ್‌ನಲ್ಲಿ ನೇರವಾಗಿ ಕೊಳ್ಳಲೇಬೇಡಿ. ಲಿಂಫೋಮ ಎಂಬ ಅನುಮಾನ ಇದ್ದರೆ ಸಾಧ್ಯವಾದಷ್ಟೂ ಇಡೀ ಗ್ರಂಥಿ ತೆಗೆದು ಕೊಡಬೇಕು. ಲಿಂಫೋಮದ ಹತ್ತಾರು ಬಗೆಗಳನ್ನು ಬಿಡಿ ಕೋಶದಲ್ಲಿ ಬೇರ್ಪಡಿಸುವುದು ಕಷ್ಟ, ಚಿಕಿತ್ಸೆ ಒಂದೊಂದಕ್ಕೂ ಬೇರೆ. ಕೈಕಾಲಿನ ಸ್ನಾಯುವಿನಲ್ಲಿ ಆಳದ ಗಡ್ಡೆ ಇದ್ದರೆ ಸೂಜಿ ಹಾಕುವ ಜಾಗವನ್ನೂ ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ನಿರ್ಧರಿಸಬೇಕು, ಸೂಜಿ ಹೋದ ದಾರಿಯನ್ನು ಗಡ್ಡೆಯ ಜೊತೆಗೇ ತೆಗೆಯುವಂತೆ. ಇನ್ನೊಂದು ವೃಷಣದ ಗಡ್ಡೆ. ಅದಕ್ಕೆ ಚೀಲದ ಮೂಲಕ ಸೂಜಿ ಹಾಕುವುದು ತಪ್ಪು. ತೊಡೆಸಂಧಿಯ ಮೂಲಕ ವೃಷಣವನ್ನೇ ತೆಗೆದು ಪರೀಕ್ಷೆಗೆ ಕಳಿಸುವುದು ಸರಿಯಾದ ಕ್ರಮ.

'ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳುತ್ತದೆ' ಎಂದು ಊರಿನಲ್ಲಿ ಹೇಳುವ ಮಾತಿಗೆ ಹೆದರಿ ತಿಂಗಳುಗಟ್ಟಲೆ ತಡ ಮಾಡುವವರಿದ್ದಾರೆ. ಸ್ತನ, ಥೈರಾಯ್ಡ್, ಪ್ರಾಸ್ಟೇಟ್, ಶ್ವಾಸಕೋಶದಲ್ಲಿ ಆ ಅಪಾಯ ತೀರಾ ಚಿಕ್ಕದು. ಮುಂದೂಡುವುದರಿಂದ ಆಗುವ ಹಾನಿ ಅದಕ್ಕಿಂತ ಬಹಳ ದೊಡ್ಡದು.

ಡಬ್ಬಿಯೊಳಗೆ ನಡೆಯುವ ಅನಾಹುತ

ಬಯಾಪ್ಸಿ ಸೇವೆ ಹೆಚ್ಚು ಕೆಡುವುದು ಲ್ಯಾಬ್‌ನ ಒಳಗಲ್ಲ, ಆಪರೇಷನ್ ಟೇಬಲ್‌ನಿಂದ ಲ್ಯಾಬ್‌ಗೆ ಬರುವ ದಾರಿಯಲ್ಲಿ. ಚಿಕ್ಕ ಊರಿನ ನರ್ಸಿಂಗ್ ಹೋಮ್, ಕಲೆಕ್ಷನ್ ಸೆಂಟರ್, ಕೊರಿಯರ್, ಬೆಂಗಳೂರಿನ ಲ್ಯಾಬ್ ಎಂಬ ಸರಪಣಿಯ ಬಗ್ಗೆ ನಮ್ಮ ಅತಿ ದೊಡ್ಡ ತಕರಾರು ಇದೇ.

ತುಣುಕು ದೇಹದಿಂದ ಹೊರಬಂದ ಕ್ಷಣದಿಂದ ಕೊಳೆಯಲು ತೊಡಗುತ್ತದೆ. ಅದನ್ನು ನಿಲ್ಲಿಸುವುದು ಫಾರ್ಮಲಿನ್. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಆಗಬೇಕು, ಅಂದರೆ ಅಂಗಡಿಯ ಗಟ್ಟಿ ಫಾರ್ಮಲಿನ್ ಒಂದು ಪಾಲು, ಬಫರ್ ಉಪ್ಪು ಬೆರೆಸಿದ ನೀರು ಒಂಬತ್ತು ಪಾಲು. ತುಣುಕಿನ ಗಾತ್ರದ ಹತ್ತು ಪಟ್ಟು ದ್ರಾವಣ ಇರಬೇಕು. ಒಂದು ಗಂಟೆಯೊಳಗೆ ಅದರಲ್ಲಿ ಬೀಳಬೇಕು. ಸ್ತನದ ಇಆರ್, ಪಿಆರ್, ಹರ್-2 ಪರೀಕ್ಷೆ (ಹಾರ್ಮೋನ್ ಮಾತ್ರೆ ಅಥವಾ ಹರ್-2 ಔಷಧಿ ನಾಟುತ್ತದೆಯೇ ಎಂದು ಹೇಳುವವು) ಮಾಡುವುದಿದ್ದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಮಾತ್ರ ಅದರಲ್ಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ರಿಪೋರ್ಟ್ ಮಾಮೂಲಿನಂತೆ ಬರುತ್ತದೆ.

ಏನೇನು ತಪ್ಪುತ್ತದೆ? ಫಾರ್ಮಲಿನ್ ಇಲ್ಲವೆಂದು ಸಲೈನ್‌ನಲ್ಲಿ ಹಾಕಿ ಕಳಿಸುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ತೆರೆಯುವಷ್ಟರಲ್ಲಿ ಜೀವಕೋಶಗಳ ಅಂಚು ಕರಗಿರುತ್ತದೆ. ದೊಡ್ಡ ತುಂಡನ್ನು ಬಾಯಿ ಚಿಕ್ಕದಿರುವ ಬಾಟಲಿಗೆ ತುರುಕುತ್ತಾರೆ. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಅದು ಹೊರಗೆ ಬರುವುದಿಲ್ಲ, ಕತ್ತರಿಸಿ ತೆಗೆದರೆ ಅಂಚುಗಳ ಲೆಕ್ಕ ಹೋಯಿತು. ಇಡೀ ಸ್ತನವನ್ನು ಸೀಳದೆ ಹಾಗೇ ಬಕೆಟ್ಟಿನಲ್ಲಿ ಮುಳುಗಿಸಿ ಶನಿವಾರ ಸಂಜೆಯಿಂದ ಸೋಮವಾರದವರೆಗೆ ಬಿಡುವುದು ಇನ್ನೊಂದು. ಫಾರ್ಮಲಿನ್ ಒಳಗಿಳಿಯುವ ವೇಗ ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಹೊರಭಾಗ ಗಟ್ಟಿಯಾಗುವಷ್ಟರಲ್ಲಿ ನಡುವಿನ ಗಡ್ಡೆ ಕೆಟ್ಟಿರುತ್ತದೆ. ಹೀಗೆ ಕೆಟ್ಟ ಗಡ್ಡೆಯಲ್ಲಿ ಇಆರ್ ಬಣ್ಣ ಹಿಡಿಯದೆ 'ನೆಗೆಟಿವ್' ಎಂದು ಬರಬಹುದು. ಹಾಗೆ ಬಂದರೆ ಆ ಹೆಣ್ಣುಮಗಳು ಐದು ಹತ್ತು ವರ್ಷ ತೆಗೆದುಕೊಂಡು ಬದುಕಬಹುದಾಗಿದ್ದ ಹಾರ್ಮೋನ್ ಮಾತ್ರೆ ಅವಳಿಗೆ ಸಿಗುವುದೇ ಇಲ್ಲ. ಒಂದು ಸೀಳು ಹಾಕಿ ಫಾರ್ಮಲಿನ್ ಒಳಗಿಳಿಯುವಂತೆ ಮಾಡಿದ್ದರೆ ತಪ್ಪುತ್ತಿದ್ದ ಅನ್ಯಾಯ ಇದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ನೊಂದು ನಮ್ಮ ಕಡೆಯ ವಿಶೇಷ ತೊಂದರೆ ಕ್ಷಯರೋಗ. ಕುತ್ತಿಗೆಯ ಗಂಟು ಟಿಬಿಯೋ ಲಿಂಫೋಮವೋ ಎಂಬ ಪ್ರಶ್ನೆ ದಿನಾ ಬರುವಂಥದ್ದು. ಫಾರ್ಮಲಿನ್‌ಗೆ ಬಿದ್ದ ತುಣುಕಿನಲ್ಲಿ ಟಿಬಿ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು) ಮಾಡಲಾಗದು, ಕ್ರಿಮಿ ಸತ್ತಿರುತ್ತದೆ. ಆದ್ದರಿಂದ ಅನುಮಾನವಿದ್ದಾಗ ಒಂದು ಚೂರನ್ನು ಶುದ್ಧ ಸಲೈನ್ ಡಬ್ಬಿಯಲ್ಲಿ ಜೀನ್‌ಎಕ್ಸ್‌ಪರ್ಟ್ (ಟಿಬಿ ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ, ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ ಕೊಡಬೇಕು. ಎರಡು ಡಬ್ಬಿ, ಎರಡು ಚೀಟಿ. ಇದನ್ನು ಆಪರೇಷನ್‌ಗೆ ಮೊದಲೇ ಮಾತಾಡಿಕೊಂಡಿರಬೇಕು.

ರೋಗಿಯ ಕಡೆಯವರು ಅಲ್ಲೇ ನೋಡಬಹುದಾದದ್ದು ಇಷ್ಟು. ಡಬ್ಬಿಯ ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಹೆಸರು, ವಯಸ್ಸು, ಆಸ್ಪತ್ರೆ ಸಂಖ್ಯೆ, ಎಡವೋ ಬಲವೋ ಎಂಬುದು ಬರೆದಿದೆಯೇ. ಮುಚ್ಚಳ ಅದಲುಬದಲಾಗುತ್ತದೆ, ಡಬ್ಬಿ ಆಗುವುದಿಲ್ಲ. ಚೀಟಿಯಲ್ಲಿ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ, ಸ್ಕ್ಯಾನ್‌ನ ಸಾರಾಂಶ, ಹಿಂದೆ ಕೀಮೋ ಆಗಿದ್ದರೆ ಅದರ ವಿವರ ಇದೆಯೇ. ಮೂಳೆ ಗಡ್ಡೆಯಾಗಿದ್ದರೆ ಎಕ್ಸ್‌ರೇ ಜೊತೆಗೆ ಹೋಗಿದೆಯೇ. ಎಕ್ಸ್‌ರೇ ನೋಡದೆ ಮೂಳೆ ಗಡ್ಡೆಗೆ ಹೆಸರಿಡುವುದು ಅನುಭವಿ ಪೆಥಾಲಜಿಸ್ಟ್‌ಗೂ ಕಷ್ಟ. ಗಟ್ಟಿ ಆಸಿಡ್‌ನಲ್ಲಿ ಮೂಳೆ ಮೆದು ಮಾಡಿದರೆ ಆಮೇಲೆ ಜೀನ್ ಪರೀಕ್ಷೆ ಆಗುವುದಿಲ್ಲ ಎಂಬುದನ್ನೂ ಲ್ಯಾಬ್‌ಗೆ ಮೊದಲೇ ನೆನಪಿಸಿ.

ಲ್ಯಾಬ್‌ನೊಳಗೆ ತುಣುಕು ಆಲ್ಕೋಹಾಲ್, ಜೈಲೀನ್ ದಾಟಿ ಮೇಣದ ಬ್ಲಾಕ್ ಆಗುತ್ತದೆ. 3ರಿಂದ 5 ಮೈಕ್ರಾನ್ ತೆಳುವಾಗಿ ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಕೂರಿಸಿ ನೀಲಿ ಮತ್ತು ಗುಲಾಬಿ ಬಣ್ಣ ಹಾಕುತ್ತಾರೆ. ಚಿಕ್ಕ ಬಯಾಪ್ಸಿಗೆ ಮೂರು ನಾಲ್ಕು ದಿನ, ದೊಡ್ಡ ಆಪರೇಷನ್ ತುಂಡಿಗೆ ಒಂದು ವಾರ, ಐಎಚ್‌ಸಿ ಬೇಕಾದರೆ ಇನ್ನೂ ಕೆಲವು ದಿನ ಹಿಡಿಯುವುದು ಸಹಜ. '24 ಗಂಟೆಯಲ್ಲಿ ರಿಪೋರ್ಟ್' ಎಂಬ ಬೋರ್ಡ್ ನೋಡಿ ಮರುಳಾಗಬೇಡಿ. ದೊಡ್ಡ ತುಂಡು ಅಷ್ಟರಲ್ಲಿ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ.

ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂದು ಲೆಟರ್‌ಹೆಡ್‌ನಲ್ಲಿ ಚಿಹ್ನೆ ಇದ್ದರೆ, ಆ ಮಾನ್ಯತೆ ಹಿಸ್ಟೋಪೆಥಾಲಜಿಗೂ, ಅಂದರೆ ಅಂಗಾಂಶದ ಪರೀಕ್ಷೆಗೂ, ಇದೆಯೇ ಎಂದು ಕೇಳಿ. ರಕ್ತಪರೀಕ್ಷೆಗೆ ಮಾತ್ರ ಮಾನ್ಯತೆ ಪಡೆದಿರಬಹುದು. ಯಾವ ಯಾವ ಪರೀಕ್ಷೆಗೆ ಎಂಬ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಸಿಗುತ್ತದೆ.

ಐಎಚ್‌ಸಿ ಬಿಲ್ ಓದುವುದು ಹೇಗೆ

ಐಎಚ್‌ಸಿ ಎಂದರೆ ಜೀವಕೋಶದ ನಿರ್ದಿಷ್ಟ ಪ್ರೋಟೀನ್‌ಗೆ ಅಂಟಿಕೊಂಡು ಬಣ್ಣ ಬಿಡುವ ಪರೀಕ್ಷೆ. ಸಾಮಾನ್ಯವಾಗಿ ಮಾರ್ಕರ್ (ಹುಡುಕುವ ಒಂದೊಂದು ಪ್ರೋಟೀನ್) ಲೆಕ್ಕದಲ್ಲಿ ದರ ಹಾಕುತ್ತಾರೆ, ಆದ್ದರಿಂದ ಬಿಲ್ಲಿನಲ್ಲಿ ಯಾವ ಯಾವ ಮಾರ್ಕರ್ ಎಂದು ಬಿಡಿಸಿ ಬರೆಸಿಕೊಳ್ಳಿ. ಸ್ತನಕ್ಕೆ ಇಆರ್, ಪಿಆರ್, ಹರ್-2 ಮೂರು ಕಡ್ಡಾಯ. ಇಆರ್ ಶೇಕಡಾ 1 ಕೋಶಗಳಲ್ಲಿ ಬಣ್ಣ ಹಿಡಿದರೂ ಪಾಸಿಟಿವ್. 1ರಿಂದ 10ರವರೆಗೆ ಇದ್ದರೆ 'ಲೋ ಪಾಸಿಟಿವ್' ಎಂದು ಬರೆಯಬೇಕು. ಹರ್-2 ಫಲಿತಾಂಶ 0, 1+, 2+, 3+ ಎಂದು ಬರುತ್ತದೆ. 3+ ಪಾಸಿಟಿವ್. 2+ ಎಂದರೆ ಇನ್ನೂ ತೀರ್ಮಾನವಾಗಿಲ್ಲ, ಹರ್-2 ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಬೇಕು. 2+ ಎಂದು ಬರೆದು ಫಿಶ್ ಬಗ್ಗೆ ಒಂದಕ್ಷರವನ್ನೂ ಹೇಳದೆ ಕೈತೊಳೆದುಕೊಳ್ಳುವ ರಿಪೋರ್ಟಿಗೆ ನಾವು ಪೂರ್ತಿ ದುಡ್ಡು ಕೊಡಲು ಒಪ್ಪುವುದಿಲ್ಲ.

ಶ್ವಾಸಕೋಶದ ಅಡಿನೋಕಾರ್ಸಿನೋಮದಲ್ಲಿ ಲೆಕ್ಕ ಬೇರೆ. ಅಲ್ಲಿ ತುಣುಕು ಕೂದಲೆಳೆಯಷ್ಟಿರುತ್ತದೆ, ಔಷಧಿ ಆರಿಸಲು ಬೇಕಾದ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1, ಪಿಡಿ-ಎಲ್1 ಪರೀಕ್ಷೆ ಎಲ್ಲಕ್ಕೂ ಅದರಲ್ಲೇ ಸಾಲಬೇಕು. ಹೆಸರಿಡುವುದಕ್ಕೇ ಹತ್ತು ಮಾರ್ಕರ್ ಹಾಕಿ ಬ್ಲಾಕ್ ಖಾಲಿ ಮಾಡಿದ ಲ್ಯಾಬ್, ರೋಗಿಯನ್ನು ಮತ್ತೆ ಬಯಾಪ್ಸಿಗೆ ಕಳಿಸುತ್ತದೆ. ಎರಡು ಮೂರು ಮಾರ್ಕರ್‌ನಲ್ಲಿ ಮುಗಿಸಿ ಉಳಿದದ್ದನ್ನು ಜೀನ್ ಪರೀಕ್ಷೆಗೆ ಕಾಪಾಡುವ ಲ್ಯಾಬ್ ಹುಡುಕಿ. ಕ್ಯಾನ್ಸರ್ ಆಸ್ಪತ್ರೆಗಳ ಮತ್ತು ದೊಡ್ಡ ಮೆಡಿಕಲ್ ಕಾಲೇಜುಗಳ ವಿಭಾಗಗಳು ಇಂಥ ಕಡೆ ಸಾಮಾನ್ಯವಾಗಿ ಮುಂದೆ. ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಅದೇ ಕಟ್ಟಡದಲ್ಲಿರುತ್ತಾರೆ, ಎಲ್ಲ ವಿಭಾಗದ ವೈದ್ಯರು ಕೂಡುವ ಟ್ಯೂಮರ್ ಬೋರ್ಡ್‌ ಸಭೆಯಲ್ಲಿ ಸ್ಲೈಡ್ ಮುಂದಿಟ್ಟು ಮಾತಾಡುತ್ತಾರೆ. ಅವುಗಳ ದೋಷ ಎಂದರೆ ಕಾಯುವಿಕೆ ಮತ್ತು ನೂಕುನುಗ್ಗಲು.

ಹೆಲ್ತ್ ಚೆಕಪ್‌ನ ಕ್ಯಾನ್ಸರ್ ಪ್ಯಾಕೇಜ್

ಸಿಇಎ, ಸಿಎ-125, ಸಿಎ 19-9 ಸೇರಿಸಿ 'ಕ್ಯಾನ್ಸರ್ ಸ್ಕ್ರೀನಿಂಗ್' ಎಂದು ಮಾರುವ ರಕ್ತಪರೀಕ್ಷೆ ಕೊಳ್ಳಬೇಡಿ. ಸಿಎ-125 ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಎಂಡೋಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಆರಂಭದ ಅಂಡಾಶಯ ಕ್ಯಾನ್ಸರ್‌ನಲ್ಲಿ ಏರದೆಯೂ ಇರಬಹುದು. ಈ ಪರೀಕ್ಷೆಗಳ ಜಾಗ ಕ್ಯಾನ್ಸರ್ ಎಂದು ಖಚಿತವಾದವರ ಚಿಕಿತ್ಸೆ ಹಿಂಬಾಲಿಸುವುದರಲ್ಲಿದೆ. ಅದೇ ದುಡ್ಡಿಗೆ ಗರ್ಭಕಂಠದ ಪರೀಕ್ಷೆ, ಬಾಯಿಯ ತಪಾಸಣೆ ಮಾಡಿಸಿ.

ಸ್ಲೈಡ್ ರಿವ್ಯೂ: ಎಲ್ಲಕ್ಕಿಂತ ಒಳ್ಳೆಯ ಕೊಳ್ಳುವಿಕೆ

ಇದೇ ಸ್ಲೈಡ್‌ಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವ ಸೇವೆ ಇದು. ಮತ್ತೆ ಚುಚ್ಚುವುದು, ಕೊಯ್ಯುವುದು ಇಲ್ಲ. ಸಾರ್ಕೋಮ, ಲಿಂಫೋಮ, ಮೆದುಳಿನ ಗಡ್ಡೆ, ಮಕ್ಕಳ ಗಡ್ಡೆಗಳಲ್ಲಿ ಇದನ್ನು ಐಚ್ಛಿಕ ಎಂದು ನೋಡಲೇಬಾರದು. ಆ ಬಗೆಯನ್ನು ದಿನಾ ನೋಡುವ ಕೇಂದ್ರಕ್ಕೆ ಕಳಿಸಲೇಬೇಕು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಮುಂತಾದ ಕಡೆ ಹೊರಗಿನ ರಿಪೋರ್ಟ್ ಹಿಡಿದು ಚಿಕಿತ್ಸೆಗೆ ಹೋದರೆ ಅವರೂ ಸ್ಲೈಡ್ ಮತ್ತು ಬ್ಲಾಕ್ ಕೇಳುತ್ತಾರೆ, ಬರೀ ರಿಪೋರ್ಟ್ ಹಿಡಿದು ಹೋದವರು ಒಂದು ಸುತ್ತು ವಾಪಸ್ ಬರಬೇಕಾಗುತ್ತದೆ. ಬಯಾಪ್ಸಿಯಲ್ಲಿ 'ಕ್ಯಾನ್ಸರ್ ಕಾಣಲಿಲ್ಲ' ಎಂದಿದ್ದು, ಸ್ಕ್ಯಾನ್ ಮತ್ತು ಕಣ್ಣಿಗೆ ಕಾಣುವ ಗಡ್ಡೆ ಅನುಮಾನ ಹುಟ್ಟಿಸುವಂತಿದ್ದರೂ ರಿವ್ಯೂ ಬೇಕು. ಸೂಜಿ ಪಕ್ಕದಲ್ಲಿ ಹೋಗಿರಬಹುದು. ರಿವ್ಯೂ ಆದ ಮೇಲೂ ಅನುಮಾನ ಉಳಿದರೆ ಹೊಸ ಬಯಾಪ್ಸಿಯೇ ಗತಿ.

ಬ್ಲಾಕ್ ಕೊಡುವುದಿಲ್ಲ ಎಂದು ಲ್ಯಾಬ್ ಹೇಳಿದರೆ ಸುಮ್ಮನೆ ಬರಬೇಡಿ. ಚಿಕಿತ್ಸೆ ನೀಡುವ ಆಸ್ಪತ್ರೆಯ ಪತ್ರ, ರೋಗಿಯ ಗುರುತಿನ ಚೀಟಿ, ಒಂದು ಅರ್ಜಿ ಕೊಟ್ಟು ಕೇಳಿ. ಎಷ್ಟು ಬ್ಲಾಕ್, ಎಷ್ಟು ಸ್ಲೈಡ್, ಅವುಗಳ ಸಂಖ್ಯೆ ಏನು ಎಂದು ರಸೀದಿಯಲ್ಲಿ ಬರೆಸಿಕೊಂಡು, ಅದೇ ಸಂಖ್ಯೆ ರಿಪೋರ್ಟಿನಲ್ಲಿದೆಯೇ ಎಂದು ಕೌಂಟರ್‌ನಲ್ಲೇ ಹೊಂದಿಸಿ ನೋಡಿ. ಸ್ಲೈಡ್‌ಗಳನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡಿ, ಕಾಗದದಲ್ಲಿ ಸುತ್ತಿದರೆ ಒಡೆಯುತ್ತವೆ. ಬ್ಲಾಕ್ ಮೇಣದ್ದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಮೆತ್ತಗಾಗಿ ಕೆಡಬಹುದು. ಬಸ್ಸಿನಲ್ಲಿ ಹೋಗುವುದಾದರೆ ಲಗೇಜಿನ ಗೂಡಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ. ಕೊರಿಯರ್ ಮಾಡುವುದಾದರೆ ಎಲ್ಲ ಬ್ಲಾಕ್‌ಗಳನ್ನೂ ಒಂದೇ ಸಲ ಕಳಿಸಬೇಡಿ. ರಿವ್ಯೂ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ಪಡೆದು, ಹಳೆಯ ಲ್ಯಾಬ್‌ಗೆ ಮರಳಿಸಿಯೋ ಮನೆಯಲ್ಲಿ ತಂಪು ಜಾಗದಲ್ಲಿಟ್ಟೋ ಜೋಪಾನ ಮಾಡಿ. ಎರಡು ವರ್ಷದ ನಂತರ ರೋಗ ಮರುಕಳಿಸಿದರೆ ಹೊಸ ಔಷಧಿಯ ಪರೀಕ್ಷೆಗೆ ಅದೇ ಬ್ಲಾಕ್ ಬೇಕಾಗಬಹುದು.